ಓದುಗರ ಪ್ರಶ್ನೆ: ಕೇಳಿಯೇ ಕಲಿಯಿರಿ, ಕೇಳಿಯೇ ಹಂಚಿರಿ

ಆಸ್ಟ್ರೇಲಿಯಾದ ಅಬೊರಿಜಿನಲ್ ಜನರ ನೆಲದ ಅರಿವಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ. ಉತ್ತರಕ್ಕೆ ಮೊದಲು ಒಂದು ಮಾತು. ಎರಡು ಮೂರು ಪತ್ರಗಳಲ್ಲಿ ‘ಅಬೊರಿಜಿನ್‌ಗಳು’, ‘ಕಾಡುಜನ’ ಎಂದು ಬರೆದಿದ್ದೀರಿ. ಮೊದಲನೆಯದು ಅಲ್ಲಿ ಈಗ ನೋಯಿಸುವ ಪದ. ಎರಡನೆಯದು ಸುಳ್ಳು: ಮರಳುಗಾಡಿನವರು, ಕಡಲಂಚಿನವರು, ಹೊಳೆಬದಿಯವರು, ಇವತ್ತು ಸಿಡ್ನಿಯ ಫ್ಲಾಟಿನಲ್ಲಿರುವವರು ಎಲ್ಲರೂ ಅವರಲ್ಲಿದ್ದಾರೆ. ‘ಅಬೊರಿಜಿನಲ್ ಜನ’ ಎನ್ನಿ. ಗೊತ್ತಿದ್ದರೆ ಆಯಾ ಜನರ ಹೆಸರನ್ನೇ ಹೇಳಿ. ಟೊರೆಸ್ ಜಲಸಂಧಿಯ ದ್ವೀಪದವರು ಬೇರೆಯೇ ಜನ, ಅವರನ್ನು ಇದರೊಳಗೆ ಸೇರಿಸಿಬಿಡಬೇಡಿ.

ಪ್ರಶ್ನೆ: ನಮ್ಮ ಸಂಘದ ರಾಜ್ಯೋತ್ಸವಕ್ಕೆ ನಿರೂಪಣೆ ನನ್ನದು. ಆರಂಭದಲ್ಲಿ ‘ವೆಲ್‌ಕಮ್ ಟು ಕಂಟ್ರಿ’ಯನ್ನು ಕನ್ನಡದಲ್ಲಿ ನಾನೇ ಹೇಳಬಹುದೇ? ಹೇಗೆ ಹೇಳಬೇಕು? (ಮೆಲ್ಬರ್ನ್)

ಉತ್ತರ: ವೆಲ್‌ಕಮ್ ನೀವು ಹೇಳುವಂತಿಲ್ಲ. ‘ಒಳಗೆ ಬನ್ನಿ’ ಎನ್ನಬೇಕಾದವರು ಮನೆಯವರು. ಅದು ಆ ನೆಲದ ಹಿರಿಯರದು, ಅಥವಾ ಆ ಸಮುದಾಯ ಒಪ್ಪಿ ಕಳಿಸಿದವರದು. ನೀವು ಹೇಳಬಹುದಾದ್ದು ‘ಅಕ್ನಾಲೆಜ್‌ಮೆಂಟ್ ಆಫ್ ಕಂಟ್ರಿ’, ಎಂದರೆ ಬಂದವರು ನೆಲದವರಿಗೆ ಸಲ್ಲಿಸುವ ಗೌರವ. ಅದನ್ನು ಯಾರು ಬೇಕಾದರೂ, ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು. ಕನ್ನಡದ ಕಾರ್ಯಕ್ರಮಗಳಲ್ಲಿ ಎರಡನ್ನೂ ‘ಸ್ವಾಗತ’ ಎಂದು ಕರೆದು ಕಲಸಿಬಿಡುವುದೇ ಹೆಚ್ಚು.

ಮೊದಲು ಸಭಾಂಗಣದ ವಿಳಾಸ ಹಿಡಿದು ನೆಲ ಯಾರದೆಂದು ನೋಡಿ. ಮೆಲ್ಬರ್ನ್ ಎಂದರೆ ವುರುಂಡ್ಜೆರಿ ಜನರ ನೆಲ ಎಂದು ಕಂಠಪಾಠ ಮಾಡಿಕೊಂಡವರು ಎಡವುವುದು ಇಲ್ಲೇ. 2021ರ ಜುಲೈ 1ರಿಂದ ಜಾರಿಗೆ ಬಂದ ಗಡಿ ನಗರದ ನಟ್ಟನಡುವೆ ಹಾದುಹೋಗುತ್ತದೆ. ಅದರ ಉತ್ತರಕ್ಕೆ ವುರುಂಡ್ಜೆರಿ ವೊಯ್‌ವುರುಂಗ್, ದಕ್ಷಿಣಕ್ಕೆ ಬುನುರಾಂಗ್. ವಿಕ್ಟೋರಿಯಾ ಸರ್ಕಾರದ ನೋಂದಾಯಿತ ಅಬೊರಿಜಿನಲ್ ಸಂಸ್ಥೆಗಳ ನಕ್ಷೆಯಲ್ಲಿ ಇದು ಸಿಗುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿದ್ದರೆ ಸ್ಥಳೀಯ ಅಬೊರಿಜಿನಲ್ ಲ್ಯಾಂಡ್ ಕೌನ್ಸಿಲ್ಲನ್ನು ಕೇಳಬೇಕು. ಗೋಡೆಗಳ ಮೇಲೆ ಕಾಣುವ 1996ರ ಬಣ್ಣಬಣ್ಣದ ದೊಡ್ಡ ನಕ್ಷೆಯನ್ನು ಹಿಗ್ಗಿಸಿ ಬಡಾವಣೆ ಹುಡುಕಬೇಡಿ. ಅದರ ಗೆರೆಗಳು ನಿಖರವಲ್ಲ ಎಂದು ಆ ನಕ್ಷೆಯಲ್ಲೇ ಬರೆದಿದೆ.

ಇನ್ನು ಮಾತು. ‘ಕಂಟ್ರಿ’ ಎಂದರೆ ದೇಶ ಅಲ್ಲ. ಮಣ್ಣು, ನೀರು, ಗಾಳಿ, ಆಕಾಶ, ಪ್ರಾಣಿ, ಹಿರೀಕರು ಎಲ್ಲ ಸೇರಿದ್ದು. ‘ನೆಲ-ಜಲ’ ಎಂಬ ನಮ್ಮ ಜೋಡಿಪದ ಅದಕ್ಕೆ ತಕ್ಕಮಟ್ಟಿಗೆ ಹತ್ತಿರ. ‘ಸ್ಮರಿಸೋಣ’ ಎಂಬ ಮಾತು ಮಾತ್ರ ಖಂಡಿತ ಬೇಡ. ಕನ್ನಡದ ವೇದಿಕೆಯಲ್ಲಿ ಸ್ಮರಿಸುವುದು ಹೆಚ್ಚಾಗಿ ತೀರಿಕೊಂಡವರನ್ನು. ಇವರು ಬದುಕಿದ್ದಾರೆ, ಬಹುಶಃ ನಿಮ್ಮ ಸಭೆಯಲ್ಲೇ ಕೂತಿದ್ದಾರೆ. ಇಷ್ಟು ಸಾಕು (ಕೂಲಿನ್ ಎಂದರೆ ವುರುಂಡ್ಜೆರಿ, ಬುನುರಾಂಗ್ ಮೊದಲಾದ ಜನಗಳ ಒಕ್ಕೂಟ):

“ನಾವಿಂದು ಸೇರಿರುವುದು ಕೂಲಿನ್ ನಾಡಿನ ವುರುಂಡ್ಜೆರಿ ವೊಯ್‌ವುರುಂಗ್ ಜನರ ನೆಲ-ಜಲದಲ್ಲಿ. ಇದನ್ನು ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಅವರ ಹಿಂದಿನ ಹಿರಿಯರಿಗೂ ಇಂದಿನ ಹಿರಿಯರಿಗೂ ನಮ್ಮ ಗೌರವ. ಸಭೆಯಲ್ಲಿರುವ ಎಲ್ಲ ಅಬೊರಿಜಿನಲ್ ಮತ್ತು ಟೊರೆಸ್ ಜಲಸಂಧಿ ದ್ವೀಪಗಳ ಬಂಧುಗಳಿಗೆ ನಮಸ್ಕಾರ.”

ಹೇಳಲು ಅರ್ಧ ನಿಮಿಷವೂ ಬೇಡ. ದೀಪ ಬೆಳಗುವುದಕ್ಕೂ ನಾಡಗೀತೆಗೂ ಮೊದಲೇ ಇದು ಬರಲಿ. ಒಬ್ಬರು ಹೇಳಿದರೆ ಸಾಕು. ಆಮೇಲೆ ಬಂದ ಭಾಷಣಕಾರರೆಲ್ಲ ಒಪ್ಪಿಸುತ್ತ ಹೋದರೆ ಅದು ಬರೀ ಗಿಣಿಪಾಠ.

ಹಿರಿಯರನ್ನೇ ಕರೆಸುವುದಾದರೆ ಆಯಾ ಸಂಸ್ಥೆಯ ಮೂಲಕ ಆರು ವಾರ ಮೊದಲೇ ಕೇಳಿ. ಸಂಭಾವನೆ ಇರುತ್ತದೆ, ಅದನ್ನು ಬಜೆಟ್ಟಿನಲ್ಲಿ ಇಟ್ಟುಕೊಳ್ಳಿ, ಚೌಕಾಸಿ ಬೇಡ. ಶಾಲು, ಹಾರ, ಹಣ್ಣಿನ ಬುಟ್ಟಿ ಸಂಭಾವನೆಗೆ ಬದಲಿಯಲ್ಲ. ಪೇಟ ತೊಡಿಸಿ ಫೋಟೊ ಹಿಡಿಯುವ ನಮ್ಮ ಉತ್ಸಾಹವನ್ನೂ ಮೊದಲೇ ಕೇಳಿ ಒಪ್ಪಿಗೆ ಪಡೆದೇ ತೋರಿಸಬೇಕು. ಬಾಗಿಲಲ್ಲಿ ಎದುರುಗೊಳ್ಳಲು ಒಬ್ಬರು, ಹತ್ತಿರದಲ್ಲೇ ಪಾರ್ಕಿಂಗ್, ಕುರ್ಚಿ, ನೀರು, ಪರೀಕ್ಷಿಸಿದ ಮೈಕು ಸಿದ್ಧವಿರಲಿ. ಎಲೆಗಳ ಹೊಗೆ ಹಾಕುವ ವಿಧಿಯೂ ಇದ್ದರೆ ಅದನ್ನು ಹೊರಗೆ ಅಂಗಳದಲ್ಲಿ ಏರ್ಪಡಿಸಿ. ಒಳಗೆ ಹೊಗೆ ಎದ್ದರೆ ಅಗ್ನಿಶಾಮಕದ ಅಲಾರಂ ಕೂಗಿ ಸಭೆ ಚದುರುತ್ತದೆ. ಕರಪತ್ರದಲ್ಲಿ ಅಬೊರಿಜಿನಲ್ ಬಾವುಟ ಹಾಕಲು ಈಗ ಯಾರನ್ನೂ ಕೇಳಬೇಕಿಲ್ಲ. ಹೆರಾಲ್ಡ್ ಥಾಮಸ್ 1971ರಲ್ಲಿ ರೂಪಿಸಿದ ಆ ಬಾವುಟದ ಹಕ್ಕುಸ್ವಾಮ್ಯವನ್ನು 2022ರ ಜನವರಿಯಲ್ಲಿ ಸರ್ಕಾರ ಕೊಂಡು ಎಲ್ಲರ ಬಳಕೆಗೆ ಬಿಟ್ಟಿದೆ.

ಪ್ರಶ್ನೆ: ಈ ಹೆಸರುಗಳನ್ನು ಉಚ್ಚರಿಸುವುದೇ ಕಷ್ಟ. ಇಂಗ್ಲಿಷ್ ಕಾಗುಣಿತ ನೋಡಿದರೆ ಇನ್ನೂ ಗೊಂದಲ. (ಅಡಿಲೇಡ್)

ಉತ್ತರ: ಇಂಗ್ಲಿಷ್ ಅಕ್ಷರ ಮರೆತು ಕನ್ನಡದ ಅಕ್ಷರಮಾಲೆಯನ್ನು ನೆನಪಿಸಿಕೊಳ್ಳಿ. ಇಂಗ್ಲಿಷರಿಗೆ ಒದಗದ ಹಲವು ಧ್ವನಿಗಳು ಒಂದನೇ ತರಗತಿಯಲ್ಲೇ ನಿಮಗೆ ಬಂದಿವೆ. ಬಹುಪಾಲು ಅಬೊರಿಜಿನಲ್ ಭಾಷೆಗಳಲ್ಲಿ ಟ, ಣ, ಳ ಉಂಟು. ವಾರ್ಲ್‌ಪಿರಿ ಮುಂತಾದ ಭಾಷೆಗಳ ಬರಹದಲ್ಲಿ ‘ಆರ್‌ಎನ್’, ‘ಆರ್‌ಟಿ’, ‘ಆರ್‌ಎಲ್’ ಎಂದು ಜೋಡಿ ಅಕ್ಷರ ಬಂದರೆ ಅದು ಣ, ಟ, ಳ. ಹಾಗಾಗಿ ‘ವಾರ್ಲ್‌ಪಿರಿ’ ಎಂದು ನಾವು ಈಗ ಬರೆದದ್ದು ಇಂಗ್ಲಿಷಿನ ಮೂಲಕ ಬಂದ ರೂಪ, ನುಡಿಯುವಾಗ ‘ವಳ್‌ಪಿರಿ’. ಪಿಟ್ಜಂಟ್ಜಟ್ಜರ ಭಾಷೆಯಲ್ಲಿ ಅಕ್ಷರದ ಕೆಳಗೆ ಗೆರೆ ಎಳೆದು ಅದೇ ಧ್ವನಿಗಳನ್ನು ಸೂಚಿಸುತ್ತಾರೆ.

ನಮ್ಮಲ್ಲಿ ಕೆಲಸವಿಲ್ಲದೆ ಮೂಲೆ ಸೇರಿರುವ ಙಕಾರಕ್ಕೆ ಅಲ್ಲಿ ಮೈತುಂಬ ಕೆಲಸ. ನಡು ಆಸ್ಟ್ರೇಲಿಯಾದ ಉಲೂರು ಎಂಬ ಕೆಂಪು ಹೆಬ್ಬಂಡೆಯ ಸುತ್ತಿನ ಜನ ತಮ್ಮನ್ನು ಕರೆದುಕೊಳ್ಳುವುದು ‘ಅಣಙು’ ಎಂದು. ‘ಅನಂಗು’ ಅಲ್ಲ, ಗಕಾರ ಅದರಲ್ಲಿ ಕೇಳಿಸುವುದೇ ಇಲ್ಲ. ‘ಮಾಂಗಲ್ಯ’ದಿಂದ ಗಕಾರ ಕಳೆದು ಉಳಿದ ಮೂಗಿನ ಸದ್ದನ್ನು ಹಿಡಿದುಕೊಳ್ಳಿ, ಅದೇ ಙ. ಕಷ್ಟವಾಗುವುದು ಅದು ಪದದ ಮೊದಲಲ್ಲಿ ಬಂದಾಗ. ಕ್ಯಾನ್‌ಬೆರಾದ ನೆಲದವರಾದ ಙುನ್ನವಲ್ ಜನರ ಹೆಸರನ್ನು ಹತ್ತು ಸಲ ಹೇಳಿ ನೋಡಿ, ನಾಲಿಗೆ ಹದಕ್ಕೆ ಬರುತ್ತದೆ. ಉಲೂರುವಿನ ‘ರು’ ಕೂಡ ನಮ್ಮ ರುಕಾರವಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಎಲ್ಲೂ ತಾಗಿಸದೆ ಹೇಳುವ, ಹಳಗನ್ನಡದ ೞಕಾರಕ್ಕೆ ಹತ್ತಿರದ ಧ್ವನಿ.

ಕ-ಗ, ಪ-ಬ ಭೇದ ಹಲವು ಭಾಷೆಗಳಲ್ಲಿ ಇಲ್ಲ. ನಿಮ್ಮ ಅಡಿಲೇಡಿನ ನೆಲದವರಾದ ಕಾರ್ನ ಜನರ ಹೆಸರು ಕಕಾರದಲ್ಲಿ ಬರೆದು ಗಕಾರದಂತೆ ಕೇಳಿಸುವುದು ಅದಕ್ಕೇ. ಅನುಮಾನವಿದ್ದರೆ ಅಲ್ಲಿನವರ ಧ್ವನಿಮುದ್ರಿಕೆ ಕೇಳಿ. ಕಾರ್ನ ಭಾಷೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಿರುವ ಸಮುದಾಯವೇ ಅಂಥವನ್ನು ಸಿದ್ಧಪಡಿಸಿದೆ.

ಪ್ರಶ್ನೆ: ಹಾಗಾದರೆ ಅವರ ಭಾಷೆಗಳು ದ್ರಾವಿಡ ಭಾಷೆಗಳ ನಂಟು ಎನ್ನುವುದು ನಿಜವೇ? (ಧಾರವಾಡ)

ಉತ್ತರ: 1856ರಲ್ಲಿ ದ್ರಾವಿಡ ಭಾಷಾಪಂಡಿತ ಕಾಲ್ಡ್‌ವೆಲ್ ಸರ್ವನಾಮಗಳ ಹೋಲಿಕೆ ತೋರಿಸಿ ಹಾಗೊಂದು ಮಾತು ಎತ್ತಿದ್ದರು. ಭಾಷಾವಿಜ್ಞಾನಿಗಳು ಇವತ್ತು ಅದನ್ನು ಒಪ್ಪುವುದಿಲ್ಲ. ಣ, ಳ ಇರುವುದು, ಪ್ರತ್ಯಯ ಅಂಟಿಸುವುದು ನಂಟಿಗೆ ಪುರಾವೆಯಲ್ಲ. ಟರ್ಕಿಯವರೂ ಪ್ರತ್ಯಯ ಅಂಟಿಸುತ್ತಾರೆ. 2013ರಲ್ಲಿ ಒಂದು ವಂಶವಾಹಿ ಅಧ್ಯಯನ ಸುಮಾರು 4,200 ವರ್ಷಗಳ ಹಿಂದೆ ಭಾರತದಿಂದ ಜನ ಹೋಗಿದ್ದರು ಎಂದಿತು, ನಮ್ಮ ಪತ್ರಿಕೆಗಳು ಅದನ್ನು ಮೆರೆಸಿದವು. 2016ರ ಅಧ್ಯಯನಗಳಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ಆ ಸುದ್ದಿ ಮಾತ್ರ ಇಲ್ಲಿಗೆ ತಲುಪಲೇ ಇಲ್ಲ. ಕನಿಷ್ಠ 50,000 ವರ್ಷಗಳಿಂದ ಅಲ್ಲಿರುವವರ ಮುಂದೆ ‘ನೀವು ನಮ್ಮ ಕಡೆಯಿಂದ ಬಂದವರು’ ಎಂದು ಭಾಷಣ ಬಿಗಿಯುವುದು ಸ್ನೇಹದ ಮಾತಾಗಿ ಕೇಳಿಸುವುದಿಲ್ಲ. ನೆಲದ ಹಕ್ಕಿಗೇ ಅದು ಕೊಡಲಿಪೆಟ್ಟು. ನೆಲ ಯಾರದೂ ಆಗಿರಲಿಲ್ಲ ಎಂಬ ಬ್ರಿಟಿಷರ ವಾದವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವಾದ ಹೈಕೋರ್ಟು ತಳ್ಳಿಹಾಕಿದ್ದೇ 1992ರ ಜೂನ್ 3ರಂದು, ಮಾಬೊ ತೀರ್ಪಿನಲ್ಲಿ.

ಪ್ರಶ್ನೆ: ಇಂಟರ್‌ನೆಟ್ಟಿನಲ್ಲಿ ಸಿಕ್ಕ ಹಳೆಯ ಸಂಕಲನದಿಂದ ಹತ್ತು ‘ಡ್ರೀಮ್‌ಟೈಮ್’ ಕತೆಗಳನ್ನು ಮಕ್ಕಳಿಗಾಗಿ ಅನುವಾದಿಸಿದ್ದೇನೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಪ್ರಕಟಿಸಲು ಅಡ್ಡಿ ಉಂಟೇ? (ಬೆಂಗಳೂರು)

ಉತ್ತರ: ಕಾನೂನಿನ ಅಡ್ಡಿ ಇಲ್ಲದಿರಬಹುದು. ಆದರೂ ತಡೆಯಿರಿ. ಹಳೆಯ ಸಂಗ್ರಹಗಳು ಹೇಗೆ ಬಂದವು ಎಂಬುದಕ್ಕೆ ಆಸ್ಟ್ರೇಲಿಯಾದ 50 ಡಾಲರ್ ನೋಟೇ ಸಾಕ್ಷಿ. ಅದರ ಮೇಲಿರುವ ಮುಖ ಙರಿಂಜೆರಿ ಜನರ ಡೇವಿಡ್ ಯುನೈಪನ್ ಅವರದು. ಅವರು ಸಂಗ್ರಹಿಸಿ ಬರೆದ ಕತೆಗಳು 1930ರಲ್ಲಿ ಲಂಡನ್ನಿನಲ್ಲಿ ಬೇರೊಬ್ಬರ ಹೆಸರು ಹೊತ್ತು ಅಚ್ಚಾದವು, ಯುನೈಪನ್ ಹೆಸರೇ ಇಲ್ಲ. ಅವರ ಹೆಸರಿನಲ್ಲೇ ಬರಲು 2001ರವರೆಗೆ ಕಾಯಬೇಕಾಯಿತು. ನಿಮ್ಮ ಸಂಕಲನದ ಕತೆಗಳನ್ನು ಹೇಳಿದವರಿಂದ ಯಾರು, ಯಾವ ಮಾತು ಕೊಟ್ಟು ಬರೆದುಕೊಂಡರು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ. ಕೆಲವು ಕತೆಗಳು ಗಂಡಸರು ಮಾತ್ರ, ಕೆಲವು ಹೆಂಗಸರು ಮಾತ್ರ, ಕೆಲವು ದೀಕ್ಷೆಯಾದವರು ಮಾತ್ರ ಕೇಳುವಂಥವು. ಅವೂ ಸಂಗ್ರಹಗಳಲ್ಲಿ ನುಸುಳಿವೆ.

ಹೀಗೆ ಮಾಡಿ. ಹತ್ತನ್ನೂ ಹರವಿಕೊಂಡು ಪ್ರತಿಯೊಂದರಲ್ಲೂ ಜನರ ಹೆಸರು, ಊರು, ಹೊಳೆ, ಬೆಟ್ಟ ಏನಾದರೂ ಇದೆಯೇ ನೋಡಿ. ಏನೂ ಇಲ್ಲದ, ಬರೀ ‘ಒಂದು ಅಬೊರಿಜಿನಲ್ ಕತೆ’ ಎಂದಿರುವುದನ್ನು ಕೈಬಿಡಿ. ಯಾರನ್ನು ಕೇಳಬೇಕೆಂದೇ ಗೊತ್ತಿಲ್ಲದ ಕತೆಗೆ ಒಪ್ಪಿಗೆ ಸಿಗದು. ಉಳಿದವಕ್ಕೆ ಆ ಜನರ ಭಾಷಾಕೇಂದ್ರಕ್ಕೋ ಸಂಸ್ಥೆಗೋ ಬರೆಯಿರಿ. ಪತ್ರದಲ್ಲಿ ಇರಬೇಕಾದ್ದು: ಯಾವ ಕತೆ, ಯಾವ ಪುಸ್ತಕದ್ದು, ಕನ್ನಡ ಎಂದರೇನು, ಓದುವವರು ಯಾರು, ಎಷ್ಟು ಪ್ರತಿ, ಜಾಲತಾಣದಲ್ಲೂ ಹಾಕುತ್ತೀರಾ, ಹಣ ಬಂದರೆ ಅವರಿಗೆಷ್ಟು, ಚಿತ್ರ ಬರೆಯುವವರು ಯಾರು. ನಿಮ್ಮ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕಳಿಸಿಕೊಡುತ್ತೇವೆ ಎಂದೂ ಸೇರಿಸಿ. ಏನು ಬದಲಾಯಿಸಿದ್ದೀರಿ ಎಂದು ಅವರಿಗೆ ತಿಳಿಯಲು ಬೇರೆ ದಾರಿಯಿಲ್ಲ. ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿದೀತು. ಸಾವಾದರೆ ಊರಿನ ಕೆಲಸವೆಲ್ಲ ನಿಲ್ಲುತ್ತದೆ. ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಬೇಡಿ. ಒಂದು ಪುಸ್ತಕಕ್ಕೆ ಸಿಕ್ಕ ಒಪ್ಪಿಗೆ ನಾಟಕಕ್ಕೆ, ಆಡಿಯೊಗೆ ದಾಟುವುದೂ ಇಲ್ಲ. ಇದು ಬರೀ ಸೌಜನ್ಯದ ಮಾತಲ್ಲ. 1998ರಲ್ಲಿ ಬುಲುನ್ ಬುಲುನ್ ಎಂಬ ಕಲಾವಿದರ ಚಿತ್ರವನ್ನು ಬಟ್ಟೆಗೆ ಅಚ್ಚೊತ್ತಿದ ಮೊಕದ್ದಮೆಯಲ್ಲಿ, ಕಲಾವಿದರು ಸಹ ತಮ್ಮ ಗನಲ್‌ಬಿಂಗು ಜನರ ಹಿತ ಕಾಯಲು ಬದ್ಧರು ಎಂದು ಫೆಡರಲ್ ಕೋರ್ಟು ಹೇಳಿತು. ಬರೆದವರಿಗೇ ಅಷ್ಟು ಕಟ್ಟುಪಾಡು, ಅನುವಾದಕರ ಮಾತೇನು.

ಅನುವಾದದಲ್ಲಿ ಕೆಡುವುದು ಹೆಚ್ಚಾಗಿ ಮೊದಲ ಸಾಲಿನಲ್ಲೇ. ‘ಒಂದಾನೊಂದು ಕಾಡಿನಲ್ಲಿ’ ಎಂದು ಶುರುಮಾಡಿದಿರೋ, ನೆಲ ಅಳಿಸಿಹೋಯಿತು. ಆ ಕತೆಯಲ್ಲಿ ಹೊಂಡ ಎಂದರೆ ಅದೇ ಹೊಂಡ. ಎಷ್ಟೋ ಸಲ ಅಲ್ಲಿ ನೀರು ಸಿಗುತ್ತದೆ ಎಂಬುದೇ ಕತೆಯ ಒಳಗಿನ ಮಾಹಿತಿ. ‘ಡ್ರೀಮ್‌ಟೈಮ್’ ಅನ್ನು ‘ಕನಸಿನ ಕಾಲ’ ಎನ್ನಬೇಡಿ. ಅದು ಅರೆಂಟ ಭಾಷೆಯ ಒಂದು ಪದಕ್ಕೆ 1890ರ ದಶಕದಲ್ಲಿ ಬಿಳಿಯರು ಹಚ್ಚಿದ ಇಂಗ್ಲಿಷು. ‘ಪುರಾಣ’ವೂ ಸಲ್ಲದು, ಮುಗಿದುಹೋದ ಕಾಲದ ವಾಸನೆ ಅದಕ್ಕಿದೆ. ಅಣಙು ಜನರ ‘ಚುಕುರ್ಪ’ ಇವತ್ತೂ ನಡೆಯುತ್ತಿರುವ ಕಟ್ಟಳೆ. ಆಯಾ ಜನರ ಪದವನ್ನೇ ಉಳಿಸಿಕೊಂಡು ಅಡಿಯಲ್ಲಿ ಎರಡು ಸಾಲು ವಿವರಣೆ ಕೊಡಿ. ಚಿತ್ರಕಾರರು ಚುಕ್ಕಿ ಇಡಲು ಹೊರಟರೆ ತಡೆಯಿರಿ. ಚುಕ್ಕಿಚಿತ್ರ 1971ರ ನಂತರ ಪಪುನ್ಯದಿಂದ ಬೆಳೆದ ಪಶ್ಚಿಮ ಮರಳುಗಾಡಿನ ಶೈಲಿ. ಗುಟ್ಟಿನ ಚಿಹ್ನೆಗಳನ್ನು ಮರೆಮಾಡಲೂ ಆ ಚುಕ್ಕಿಗಳು ಬಂದವು. ಕಡಲಂಚಿನ ಕತೆಗೆ ಅದನ್ನು ಹಚ್ಚುವುದು ಯಕ್ಷಗಾನದ ಪ್ರಸಂಗಕ್ಕೆ ಕಥಕ್ಕಳಿಯ ವೇಷ ಕಟ್ಟಿದ ಹಾಗೆ.

ಪ್ರಶ್ನೆ: ಮನೆ ಹಿತ್ತಲಲ್ಲಿ ಮರ್ನಾಂಗ್ ಗೆಡ್ಡೆ ಬೆಳೆಯಬೇಕೆಂದಿದ್ದೇನೆ. ಪಾರ್ಕಿನಲ್ಲಿ ಹಳದಿ ಹೂವಿನ ಗಿಡ ಬೇಕಾದಷ್ಟಿವೆ, ಕಿತ್ತು ತರಬಹುದೇ? (ಜಿಲಾಂಗ್)

ಉತ್ತರ: ತರಬೇಡಿ. ಸಾರ್ವಜನಿಕ ಜಾಗದಿಂದ ಅಗೆದು ಒಯ್ಯುವಂತಿಲ್ಲ ಎಂಬುದು ಒಂದು. ಪಾರ್ಕಿನಲ್ಲಿ ಬೇಕಾದಷ್ಟಿದ್ದರೆ ಅದು ಮರ್ನಾಂಗ್ ಆಗಿರುವುದು ಅಪರೂಪ ಎಂಬುದು ಇನ್ನೊಂದು. ಅದು ಯುರೋಪಿನಿಂದ ಬಂದ ‘ಕ್ಯಾಟ್ಸ್ ಇಯರ್’ ಕಳೆ ಇರಬೇಕು. ಮೊಗ್ಗು ನೋಡಿ: ಮರ್ನಾಂಗ್ ಮೊಗ್ಗು ಕತ್ತು ಬಗ್ಗಿಸಿ ನೆಲ ನೋಡುತ್ತದೆ, ಅರಳುವಾಗ ತಲೆ ಎತ್ತುತ್ತದೆ. ಕಳೆಯ ಮೊಗ್ಗು ಮೊದಲಿನಿಂದಲೂ ನೆಟ್ಟಗೆ. ಮರ್ನಾಂಗ್‌ನ ಒಂದು ದಂಟಿಗೆ ಒಂದೇ ಹೂ, ಕಳೆಯ ದಂಟು ಕವಲೊಡೆಯುತ್ತದೆ. ಮರ್ನಾಂಗ್ ಎಲೆ ಸಪೂರ, ನುಣುಪು, ಮೇಲೆದ್ದಿರುತ್ತದೆ. ಕಳೆಯದು ಒರಟು ರೋಮದ್ದು, ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ.

ಸ್ಥಳೀಯ ಸಸ್ಯಗಳ ನರ್ಸರಿಯಿಂದ ಸಸಿಯೋ ಬೀಜವೋ ತನ್ನಿ. ಅಬೊರಿಜಿನಲ್ ಜನರೇ ನಡೆಸುವ ನರ್ಸರಿ ಹತ್ತಿರದಲ್ಲಿದ್ದರೆ ಅಲ್ಲಿಗೇ ಹೋಗಿ. ಬಿತ್ತನೆ ಶರತ್ಕಾಲದಲ್ಲಿ, ಎಂದರೆ ಅಲ್ಲಿನ ಮಾರ್ಚ್‌ನಿಂದ ಮೇ. ಬೀಜವನ್ನು ಕೆಲವೇ ಮಿಲಿಮೀಟರ್ ಮಣ್ಣಿನಿಂದ ಮುಚ್ಚಿದರೆ ಸಾಕು. ಮಣ್ಣು ಸಡಿಲವಾಗಿ ಮರಳು ಮಿಶ್ರವಾಗಿರಲಿ, ಜಿಗುಟು ಮಣ್ಣಿನಲ್ಲಿ ಗೆಡ್ಡೆ ಇಳಿಯದು. ಕುಂಡವಾದರೆ ಆಳದ್ದು ಬೇಕು. ಬಿಸಿಲು ಚೆನ್ನಾಗಿ ಬೀಳಲಿ. ಎಳೆಗಿಡಕ್ಕೆ ಬಸವನಹುಳುವೇ ದೊಡ್ಡ ಶತ್ರು, ಒಂದೇ ರಾತ್ರಿಯಲ್ಲಿ ಮಡಿ ಖಾಲಿ ಮಾಡುತ್ತದೆ. ಬೇಸಿಗೆಯಲ್ಲಿ ಎಲೆ ಒಣಗಿದಾಗ ಗಿಡ ಸತ್ತಿತೆಂದು ನೀರು ಸುರಿಯುವವರೇ ಜಾಸ್ತಿ. ಅದು ಮಲಗಿರುತ್ತದೆ ಅಷ್ಟೇ. ಆಗ ಸುರಿದ ನೀರಿಗೆ ಗೆಡ್ಡೆ ಕೊಳೆಯುತ್ತದೆ. ಮೊದಲ ವರ್ಷದ ಗೆಡ್ಡೆ ಚಿಕ್ಕದು, ಎರಡನೇ ವರ್ಷ ಅಗೆಯಿರಿ, ಅರ್ಧ ಬಿಟ್ಟು ಅರ್ಧ ತೆಗೆಯಿರಿ.

ವಿಕ್ಟೋರಿಯಾದ ಅಬೊರಿಜಿನಲ್ ಹೆಂಗಸರು ಮಾಡುತ್ತಿದ್ದುದೂ ಅದನ್ನೇ. ಅಗೆಗೋಲಿನಿಂದ ಮಣ್ಣು ಮಗುಚಿ, ದೊಡ್ಡದನ್ನು ಆರಿಸಿ, ಉಳಿದದ್ದನ್ನು ಬಿಡುತ್ತಿದ್ದರು. ಸಡಿಲಾದ ಮಣ್ಣಿನಲ್ಲಿ ಮುಂದಿನ ಫಸಲು ಇನ್ನೂ ಚೆನ್ನಾಗಿ ಬರುತ್ತಿತ್ತು. 1830ರ ದಶಕದಲ್ಲಿ ಬಂದ ಕುರಿಗಳು ಗೆಡ್ಡೆಯನ್ನು ಬುಡಸಮೇತ ತಿಂದು ನೆಲ ತುಳಿದು ಗಟ್ಟಿ ಮಾಡಿದವು. ಕೆಲವೇ ವರ್ಷಗಳಲ್ಲಿ ಬಯಲುಗಟ್ಟಲೆ ಆಹಾರ ಇಲ್ಲವಾಯಿತು. ನಿಮ್ಮ ಜಿಲಾಂಗ್ ಇರುವುದು ವಾದವುರಂಗ್ ಜನರ ನೆಲದಲ್ಲಿ. ಬೆಳೆದದ್ದನ್ನು ಮನೆಯಲ್ಲಿ ಸುಟ್ಟು ತಿನ್ನಿ, ಪಲ್ಯ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ‘ಸಾಂಪ್ರದಾಯಿಕ ಅಬೊರಿಜಿನಲ್ ಪಲ್ಯ’ ಎಂದು ಚೀಟಿ ಅಂಟಿಸಿ ಮಾರುವುದು ಬೇರೆ ವಿಷಯ.

ಪ್ರಶ್ನೆ: ಅಲ್ಲಿ ವಾಟಲ್ ಬೀಜದ ಹಿಟ್ಟು ತಿನ್ನುತ್ತಾರಂತೆ. ವಾಟಲ್ ಎಂದರೆ ಅಕೇಶಿಯಾ ತಾನೆ? ನಮ್ಮ ನೆಡುತೋಪುಗಳಲ್ಲಿ ಅದು ಬೇಕಾದಷ್ಟಿದೆ. (ಶಿವಮೊಗ್ಗ)

ಉತ್ತರ: ದಯವಿಟ್ಟು ಪ್ರಯೋಗ ಮಾಡಬೇಡಿ. ಆಸ್ಟ್ರೇಲಿಯಾದಲ್ಲಿ ಅಕೇಶಿಯಾ ಜಾತಿಗಳೇ ಸಾವಿರದ ಹತ್ತಿರ. ತಿನ್ನಲು ಬಳಸುವುದು ಅವುಗಳಲ್ಲಿ ಸ್ವಲ್ಪವೇ, ಅದೂ ಹುರಿದು, ಬೀಸಿ.

ಸಸ್ಯದ ಹೆಸರು ತಿಳಿದು ಮಾಡುವ ರೀತಿ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 1861ರ ಬರ್ಕ್ ಮತ್ತು ವಿಲ್ಸ್ ಎಂಬ ಬಿಳಿಯ ಅನ್ವೇಷಕರ ಕತೆ ಇದೆ. ಕೂಪರ್ ಕ್ರೀಕ್ ಎಂಬ ಹೊಳೆಯ ಬಳಿ ಆಹಾರ ಮುಗಿದಾಗ ಯಾಂಡ್ರುವಾಂಡ ಜನ ಅವರಿಗೆ ನಾರ್ಡೂ ಕೊಟ್ಟರು. ನಮ್ಮ ಗದ್ದೆಬದಿಯ ನೀರಲ್ಲಿ ನಾಲ್ಕೆಲೆ ಹರಡಿ ಬೆಳೆಯುವ ಜರೀಗಿಡದ ಜಾತಿಯದು ಅದು. ಅದರ ಗಟ್ಟಿ ಬೀಜಕೋಶಗಳನ್ನು ಆ ಜನ ಹುರಿದು, ನೀರು ಬೆರೆಸಿ ಅರೆದು ಹದಮಾಡುತ್ತಿದ್ದರು. ಬಂದವರು ತಮಗೆ ತಿಳಿದಂತೆ ಮಾಡಿಕೊಂಡರು. ನಾರ್ಡೂವಿನಲ್ಲಿ ದೇಹದ ಬಿ1 ಜೀವಸತ್ವವನ್ನು ಕೆಡಿಸುವ ಕಿಣ್ವವಿದೆ. ಹೊಟ್ಟೆ ತುಂಬ ತಿಂದರೂ ದಿನದಿನಕ್ಕೆ ಕಾಲು ಸೋಲುತ್ತಿದೆ ಎಂದು ವಿಲ್ಸ್ ದಿನಚರಿಯಲ್ಲಿ ಬರೆದ. ಅದು ಬೆರಿಬೆರಿ ಎಂಬುದು ಕೆಲವು ವಿಜ್ಞಾನಿಗಳ ಅಭಿಪ್ರಾಯ. ಇಬ್ಬರೂ ಸತ್ತರು. ಮೂರನೆಯವನಾದ ಜಾನ್ ಕಿಂಗ್ ಆ ಜನರ ಜೊತೆಗೇ ಇದ್ದು, ಅವರು ಕೊಟ್ಟದ್ದನ್ನು ತಿಂದು ಬದುಕಿದ.

ಪ್ರಶ್ನೆ: ನೂಙರ್ ಜನರ ಆರು ಋತುಗಳನ್ನು ಮಕ್ಕಳಿಗೆ ಹೇಳಿಕೊಡುವುದು ಹೇಗೆ? (ಪರ್ತ್)

ಉತ್ತರ: ಬಿರಕ್, ಬುನುರು, ಜೆರನ್, ಮಕುರು, ಜಿಲ್ಬ, ಕಂಬರಂಗ್. ಡಿಸೆಂಬರಿನಿಂದ ಎರಡೆರಡು ತಿಂಗಳು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಅದು ಇನ್ನೊಂದು ಕ್ಯಾಲೆಂಡರ್ ಆಯಿತು, ಅಷ್ಟೇ. ರಾತ್ರಿ ತಂಪಾಗಿ ಬೆಳಿಗ್ಗೆ ಇಬ್ಬನಿ ಬಿದ್ದು, ರೆಕ್ಕೆ ಇರುವೆ ಹಾರಿತೋ, ಜೆರನ್ ಬಂತು. ತಾರೀಖು ಆಮೇಲೆ. ಆರಿದ್ರೆ, ಪುಷ್ಯ ಎಂದು ಮಳೆ ಎಣಿಸುವ ಅಜ್ಜಿ ಮನೆಯಲ್ಲಿದ್ದರೆ ಮಕ್ಕಳಿಗೆ ಬೇಗ ಹೊಳೆಯುತ್ತದೆ. ನಮ್ಮದರಲ್ಲಿ ಪಂಚಾಂಗದ ಲೆಕ್ಕ ಗಟ್ಟಿ, ಅವರದರಲ್ಲಿ ಗಿಡ-ಪ್ರಾಣಿಗಳ ಲಕ್ಷಣ ಗಟ್ಟಿ ಎಂಬ ವ್ಯತ್ಯಾಸವನ್ನೂ ತೋರಿಸಿ. ವಾರಕ್ಕೊಂದು ಸಲ ಒಂದೇ ಮರ, ಒಂದೇ ಕೆರೆ ನೋಡಿ ಬರೆಸಿ. ಬೇಸಿಗೆಯ ಆರಂಭದಲ್ಲಿ ಕಿತ್ತಳೆ ಬಣ್ಣಕ್ಕೆ ಹೂ ತುಂಬುವ ಮೂಜರ್ ಮರ ನೂಙರರಿಗೆ ಆತ್ಮಗಳ ಮರ. ಅದರ ಹೂ ಕೀಳಿಸಬೇಡಿ. ಈ ಋತುಗಳನ್ನು ಸಿಡ್ನಿಯ ನೆಂಟರ ಮಕ್ಕಳಿಗೆ ಕಳಿಸಲೂ ಬೇಡಿ, ಅಲ್ಲಿನ ನೆಲಕ್ಕೆ ಅಲ್ಲಿನ ಲೆಕ್ಕವಿದೆ.

ಪ್ರಶ್ನೆ: ಹುಲ್ಲು-ತರಗೆಲೆಗೆ ಅವರು ಹಚ್ಚುವ ಸಣ್ಣ ‘ತಂಪು ಬೆಂಕಿ’ಯನ್ನು ನಮ್ಮ ಕಾಡಂಚಿನಲ್ಲಿ ಅನುಸರಿಸಬಹುದೇ? (ಚಾಮರಾಜನಗರ)

ಉತ್ತರ: ನಿಮ್ಮ ಜಿಲ್ಲೆಯಲ್ಲೇ ಇರುವುದನ್ನು ಅಷ್ಟು ದೂರ ಹುಡುಕುತ್ತಿದ್ದೀರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುಂಚೆ ಒಣಗಿದ ಎಲೆಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಯೂ ಇದೇ ಬಗೆಯದು. 1974ರಲ್ಲಿ ಅದು ವನ್ಯಧಾಮವಾದ ಮೇಲೆ ಬೆಂಕಿ ನಿಂತಿತು, ಲಂಟಾನ ಹಬ್ಬಿತು. ಎರಡಕ್ಕೂ ಸಂಬಂಧವಿದೆ ಎನ್ನುತ್ತಾರೆ ಸೋಲಿಗರು. ಆಸ್ಟ್ರೇಲಿಯಾದಲ್ಲಿ ಗಮನಿಸುವುದು ಇವು: ಜ್ವಾಲೆ ಮೊಣಕಾಲು ದಾಟಬಾರದು, ಮರದ ತುದಿಯ ಎಲೆ ಕಂದಬಾರದು, ತುಂಡುತುಂಡಾಗಿ ಸುಡಬೇಕು, ರಾತ್ರಿಯ ಇಬ್ಬನಿಗೆ ತಾನೇ ಆರಬೇಕು. ಓದಲು ಸುಲಭ. ಯಾವ ಹುಲ್ಲು ಯಾವ ವಾರ ಹದಕ್ಕೆ ಬರುತ್ತದೆ ಎಂಬುದು ಆ ನೆಲದಲ್ಲಿ ಬೆಳೆದವರಿಗೆ ಮಾತ್ರ ಗೊತ್ತು. ಕಡ್ಡಿ ಗೀರಬೇಡಿ, ಅದು ಅಪಾಯ, ಅಪರಾಧ ಕೂಡ. ಸೋಲಿಗ ಹಿರಿಯರ ಬಳಿ ಹೋಗಿ ಕೂತು ಕೇಳಿ.

ಪ್ರಶ್ನೆ: ಉಲೂರುವಿನಿಂದ ನೆನಪಿಗೆಂದು ಒಂದು ಕೆಂಪು ಕಲ್ಲು ತಂದಿದ್ದೆ. ಈಗ ಮನಸ್ಸು ಕೊರೆಯುತ್ತಿದೆ. (ಮೈಸೂರು)

ಉತ್ತರ: ನೀವೊಬ್ಬರೇ ಅಲ್ಲ. ಕಲ್ಲು, ಮರಳು ತಂದವರು ಕ್ಷಮೆಪತ್ರದ ಜೊತೆ ಅಂಚೆಯಲ್ಲಿ ವಾಪಸು ಕಳಿಸುವುದು ಎಷ್ಟು ಹೆಚ್ಚೆಂದರೆ, ಅಲ್ಲಿನ ಸಿಬ್ಬಂದಿ ಅವನ್ನು ‘ಸಾರಿ ರಾಕ್ಸ್’ ಎಂದೇ ಕರೆಯುತ್ತಾರೆ. ಹಾಗೆಂದು ಇವತ್ತೇ ಪಾರ್ಸೆಲ್ ಮಾಡಬೇಡಿ. ಹೊರದೇಶದಿಂದ ಮಣ್ಣು ಮೆತ್ತಿದ ವಸ್ತು ಹೋದರೆ ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯವರು ಗಡಿಯಲ್ಲೇ ತಡೆಯಬಹುದು. ಉಲೂರು-ಕಾಟ ಚುಟ ರಾಷ್ಟ್ರೀಯ ಉದ್ಯಾನಕ್ಕೆ ಮೊದಲು ಇಮೇಲ್ ಮಾಡಿ, ಎಲ್ಲಿಂದ ಎತ್ತಿಕೊಂಡಿರಿ ಎಂಬುದನ್ನು ನೆನಪಿರುವಷ್ಟು ಸ್ಪಷ್ಟವಾಗಿ ಬರೆಯಿರಿ: ಯಾವ ದಾರಿ, ಬಂಡೆಯ ಯಾವ ಬದಿ, ಯಾವ ಫಲಕದ ಹತ್ತಿರ. ಸ್ಥಳ ಗೊತ್ತಿಲ್ಲದ ಕಲ್ಲನ್ನು ಅದರ ಜಾಗಕ್ಕೆ ಸೇರಿಸಲು ಅವರಿಗೂ ಆಗುವುದಿಲ್ಲ.